ಸದ್ದಡಗಿದ ಕೀಲಿಮಣೆ

2019ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ವಿಚಿತ್ರವಾದ ಒಂದು ಅಂಕಣವನ್ನು ಪ್ರಕಟಿಸಿತು. ಅದರ ಪದಗಳಲ್ಲಿ ಇಂಗ್ಲಿಷಿನ ‘ಇ’ ಮತ್ತು ‘ಆರ್’ ಅಕ್ಷರಗಳೇ ನಾಪತ್ತೆ! ಅದೇನೂ ಕರಡು ತಿದ್ದುವವರ ಕಣ್ತಪ್ಪಾಗಿರಲಿಲ್ಲ. ಆಪಲ್ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಆ ಎರಡು ಕೀಲಿಗಳು ಕೈಕೊಟ್ಟಾಗ ಆಗುವ ಪಾಡೇನೆಂದು ಓದುಗರಿಗೂ ತಿಳಿಯಲಿ ಎಂದು ಅಂಕಣಕಾರ್ತಿ ಜೊವಾನಾ ಸ್ಟರ್ನ್ ಬೇಕೆಂದೇ ಹಾಗೆ ಮಾಡಿದ್ದರು. ತೊಂದರೆ ಆಗಿರುವುದು ಕೆಲವೇ ಮಂದಿಗೆ ಎನ್ನುತ್ತಲೇ ಕಂಪನಿ ಕ್ಷಮೆ ಕೋರಿತು. ಆ ಬಗೆಯ ಕೀಲಿಮಣೆ ಮಾರುಕಟ್ಟೆಗೆ ಬಂದು ಆಗಲೇ ನಾಲ್ಕು ವರ್ಷ ತುಂಬುತ್ತ ಬಂದಿತ್ತು.

ಇಂಗ್ಲಿಷಿನಲ್ಲಿ ‘ಇ’ ಹೋದರೆ ಓದುಗ ಹೇಗೋ ಊಹಿಸಿಕೊಂಡಾನು. ಕನ್ನಡದ ಪಾಡು ಬೇರೆ. ಕೆ.ಪಿ. ರಾವ್ ರೂಪಿಸಿದ, ಕನ್ನಡದ ತಂತ್ರಾಂಶಗಳಲ್ಲಿ ಬಳಕೆಗೆ ಬಂದ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಹೊಣೆ ‘ಎಫ್’ ಕೀಲಿಯದು. ‘ಕನ್ನಡ’ ಎಂದು ಬರೆಯಬೇಕಾದರೆ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಒತ್ತಬೇಕು. ಎಫ್ ಒಂದು ಸತ್ತರೆ ಕನ್ನಡ ‘ಕನನಡ’ವಾಗುತ್ತದೆ, ಅಮ್ಮ ‘ಅಮಮ’ ಆಗುತ್ತಾಳೆ. ಬೆರಳ ತುದಿಯಷ್ಟು ಅಗಲದ ಒಂದು ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಎಷ್ಟೆಲ್ಲ ನಿಂತಿದೆ ಎಂಬುದು ಅದು ಕೆಟ್ಟಾಗಲೇ ಗೊತ್ತಾಗುವುದು.

ಕೀಲಿಮಣೆಯ ಸದ್ದಿಗೂ ಅದರ ನಂಬಿಕೆಗೂ ಹಳೆಯ ನಂಟು. ಕ್ರಿಸ್ಟೋಫರ್ ಷೋಲ್ಸ್ ಮತ್ತು ಸಂಗಡಿಗರ ಟೈಪ್‌ರೈಟರ್ ಅನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರಾಟಕ್ಕೆ ತಂದಾಗ ಸದ್ದು ಅನಿವಾರ್ಯವಾಗಿತ್ತು. ಕೀಲಿಯನ್ನು ಗುದ್ದಿದರೆ ಲೋಹದ ಕಡ್ಡಿ ಹಾರಿ ಶಾಯಿಪಟ್ಟಿಗೆ ಬಡಿಯುತ್ತಿತ್ತು, ಕಾಗದದ ಮೇಲೆ ಅಕ್ಷರ ಒತ್ತುತ್ತಿತ್ತು. ಸದ್ದಾಯಿತೆಂದರೆ ಅಕ್ಷರ ಬಿತ್ತೆಂದು ಅರ್ಥ. ಕಣ್ಣು ಮೂಲಪ್ರತಿಯ ಮೇಲೆ ನೆಟ್ಟಿರುವ ಬೆರಳಚ್ಚುಗಾರರಿಗೆ ಕಿವಿಯೇ ಸಾಕ್ಷಿ. ನಮ್ಮ ಊರುಗಳಲ್ಲಿ ಮಹಡಿಯ ಮೇಲಿರುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಮುಂದೆ ಹಾದುಹೋದವರಿಗೆ ಈ ಸದ್ದನ್ನು ವಿವರಿಸಬೇಕಾಗಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂತವರ ವೇಗ ಬೀದಿಗೂ ಕೇಳಿಸುತ್ತಿತ್ತು!

ವಿದ್ಯುನ್ಮಾನ ಯಂತ್ರಗಳು ಬಂದಾಗ ಹೊಸ ಸಮಸ್ಯೆಯೊಂದು ತಲೆದೋರಿತು. ಈಗ ಕೀಲಿ ಬಡಿಯಬೇಕಾದದ್ದು ಯಾವ ಕಾಗದಕ್ಕೂ ಅಲ್ಲ. ಎರಡು ತಂತಿಗಳ ನಡುವೆ ಸಂಪರ್ಕ ಏರ್ಪಟ್ಟರೆ ಸಾಕು, ಸದ್ದೇ ಬೇಕಿಲ್ಲ. ಆದರೆ ಸದ್ದಿಲ್ಲದ ಕೀಲಿಯನ್ನು ಒತ್ತಿದವರಿಗೆ ಅಕ್ಷರ ಬಿತ್ತೋ ಇಲ್ಲವೋ ಎಂಬ ಅನುಮಾನ. ಹೀಗಾಗಿ 1970ರ ದಶಕದ ಕೆಲವು ಐಬಿಎಂ ಟರ್ಮಿನಲ್‌ಗಳ ಕೀಲಿಮಣೆಯೊಳಗೆ ಪುಟ್ಟ ವಿದ್ಯುತ್ ಸುತ್ತಿಗೆಯೊಂದನ್ನು ಅಡಗಿಸಿಡಲಾಗಿತ್ತು. ಒತ್ತಿದ ಪ್ರತಿ ಕೀಲಿಗೂ ಅದು ‘ಟಕ್’ ಎಂದು ಬಡಿಯುತ್ತಿತ್ತು. ಕೆಲಸಕ್ಕೆ ಬೇಕಿಲ್ಲದ ಸದ್ದನ್ನು ಬೆರಳಿನ ಸಮಾಧಾನಕ್ಕಾಗಿ ಹುಟ್ಟಿಸಿದ್ದು ಅದು.

ಈ ಕೃತಕ ಸುತ್ತಿಗೆಯನ್ನು ಕಿತ್ತುಹಾಕಿದ್ದು ಅದೇ ಕಂಪನಿಯ ಇನ್ನೊಂದು ಉಪಾಯ. 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿಯ ಜೊತೆ ಬಂದ ‘ಮಾಡೆಲ್ ಎಫ್’ ಮತ್ತು 1985ರ ಹೊತ್ತಿಗೆ ಅದರ ಜಾಗಕ್ಕೆ ಬಂದ ‘ಮಾಡೆಲ್ ಎಂ’ ಕೀಲಿಮಣೆಗಳಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಸುರುಳಿ ಸ್ಪ್ರಿಂಗ್ ನಿಂತಿರುತ್ತದೆ. ಒತ್ತುತ್ತ ಹೋದಂತೆ ಅದು ಕುಗ್ಗುತ್ತದೆ. ಒಂದು ಹಂತದಲ್ಲಿ ಇನ್ನು ತಡೆಯಲಾರದೆ ತಟ್ಟನೆ ಪಕ್ಕಕ್ಕೆ ಬಾಗಿಬಿಡುತ್ತದೆ. ಬಾಗುವಾಗ ಬುಡದಲ್ಲಿರುವ ಚಿಕ್ಕ ತಟ್ಟೆಯನ್ನು ಓಲಾಡಿಸುತ್ತದೆ. ಆ ತಟ್ಟೆಯೇ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವುದು. ಬೆರಳಿಗೆ ತಗಲುವ ಅದಿರು, ಕಿವಿಗೆ ಬೀಳುವ ಸದ್ದು, ಅಕ್ಷರ ದಾಖಲಾಗುವ ಕ್ಷಣ ಎಲ್ಲವೂ ಒಂದೇ. ಸುಳ್ಳು ಸದ್ದಿನ ಅಗತ್ಯವೇ ಉಳಿಯಲಿಲ್ಲ. ಕೀಲಿ ಸುಮಾರು 4 ಮಿಲಿಮೀಟರ್ ಕೆಳಗಿಳಿಯುತ್ತಿತ್ತು. ಇಡೀ ಮಣೆ 2 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು. ಪಕ್ಕದ ಮೇಜಿನವರಿಗೆ ಕಿರಿಕಿರಿ ಎನಿಸಿದರೂ ಕೂತು ಟೈಪು ಮಾಡುವವರಿಗೆ ಅದು ಹಬ್ಬ. ನಲವತ್ತು ವರ್ಷ ದಾಟಿದ ಮಣೆಗಳು ಇವತ್ತಿಗೂ ಕೆಲಸ ಮಾಡುತ್ತಿವೆ.

ಅಷ್ಟು ಚೆನ್ನಾಗಿದ್ದ ವಸ್ತು ಮೂಲೆಗೆ ಸೇರಿದ್ದೇಕೆ? ಮೊದಲ ಕಾರಣ ದುಡ್ಡು. ನೂರೊಂದು ಸ್ಪ್ರಿಂಗ್‌ಗಳನ್ನು ಜೋಡಿಸುವ ಬದಲು ಗುಳ್ಳೆಗುಳ್ಳೆಯಾಗಿ ಉಬ್ಬಿದ ಒಂದೇ ರಬ್ಬರ್ ಹಾಳೆಯನ್ನು ಹಾಸಿದರೆ ಖರ್ಚು ಬಹಳ ಕಡಿಮೆ. ಸದ್ದೂ ಕಡಿಮೆ, ಆದರೆ ಬೆರಳಿಗೆ ಹಿಟ್ಟು ಒತ್ತಿದ ಅನುಭವ! ಅಗ್ಗದ ಮೋಹಕ್ಕೆ ಐಬಿಎಂ ಕೂಡ ಒಮ್ಮೆ ಬಿದ್ದು ಪೆಟ್ಟು ತಿಂದಿತ್ತು. 1983ರ ನವೆಂಬರ್‌ನಲ್ಲಿ ಅದು ಘೋಷಿಸಿದ ‘ಪಿಸಿ ಜೂನಿಯರ್’ ಎಂಬ ಮನೆಬಳಕೆಯ ಕಂಪ್ಯೂಟರಿನ ಕೀಲಿಗಳು ಚೂಯಿಂಗ್ ಗಮ್ ಬಿಲ್ಲೆಗಳಂತೆ ಬಿಡಿಬಿಡಿಯಾಗಿದ್ದವು. ‘ಚಿಕ್ಲೆಟ್’ ಎಂಬ ಗಮ್ಮಿನ ಹೆಸರೇ ಆ ಬಗೆಯ ಕೀಲಿಮಣೆಗೆ ಬೈಗುಳದಂತೆ ಅಂಟಿಕೊಂಡಿತು. ಟೀಕೆ ತಾಳಲಾರದೆ 1984ರಲ್ಲಿ ಕಂಪನಿ ಬೇರೆ ಕೀಲಿಮಣೆಯನ್ನು ಪುಕ್ಕಟೆಯಾಗಿ ಕೊಟ್ಟಿತು. ಮರುವರ್ಷವೇ ಯಂತ್ರದ ತಯಾರಿಕೆ ನಿಂತಿತು.

ಎರಡನೆಯ ಕಾರಣ ಲ್ಯಾಪ್‌ಟಾಪ್. ತೊಡೆಯ ಮೇಲೆ ಕೂರಬೇಕಾದ ಯಂತ್ರದೊಳಗೆ ನೆಟ್ಟಗೆ ನಿಂತ ಸ್ಪ್ರಿಂಗಿಗೆ ಜಾಗವೆಲ್ಲಿ? ಕೊನೆಗೆ ನೆಲೆ ನಿಂತದ್ದು ಕತ್ತರಿ ವಿಧಾನ. ಪ್ರತಿ ಕೀಲಿಯ ಕೆಳಗೆ ಎರಡು ಪ್ಲಾಸ್ಟಿಕ್ ತುಂಡುಗಳು ಕತ್ತರಿಯ ಅಲಗುಗಳಂತೆ ಒಂದನ್ನೊಂದು ಅಡ್ಡಹಾಯ್ದು ನಿಂತಿರುತ್ತವೆ. ಯಾವ ಮೂಲೆಯಲ್ಲಿ ಒತ್ತಿದರೂ ಕೀಲಿ ವಾಲದೆ ಸಮನಾಗಿ ಇಳಿಯುತ್ತದೆ. ನಡುವೆ ರಬ್ಬರ್ ಗುಳ್ಳೆ ಅದನ್ನು ಮೇಲಕ್ಕೆ ತಳ್ಳುತ್ತದೆ. 1992ರಲ್ಲಿ ಬಂದ ಐಬಿಎಂನ ‘ಥಿಂಕ್‌ಪ್ಯಾಡ್’ ಸರಣಿ ಮುಂದೆ ಹೆಸರು ಮಾಡಿದ್ದರಲ್ಲಿ ಅದರ ಕೀಲಿಮಣೆಯ ಪಾಲೂ ಇದೆ.

1995ರಲ್ಲಿ ಅದೇ ಸರಣಿಯ ‘701ಸಿ’ ಎಂಬ ಮಾದರಿ ಇನ್ನೊಂದು ಸೋಜಿಗ. ಪೆಟ್ಟಿಗೆ ಚಿಕ್ಕದು, ಅದರೊಳಗಿನ ಕೀಲಿಮಣೆ ದೊಡ್ಡದು! ಜಾನ್ ಕಾರಿಡಿಸ್ ಎಂಬ ಎಂಜಿನಿಯರ್ ಮಣೆಯನ್ನು ಓರೆಯಾಗಿ ಎರಡು ತುಂಡು ಮಾಡಿದ್ದರು. ಮುಚ್ಚಳ ತೆರೆದಂತೆ ಅವೆರಡೂ ಚಿಟ್ಟೆಯ ರೆಕ್ಕೆಗಳಂತೆ ಜಾರಿ, ಪೆಟ್ಟಿಗೆಯ ಅಂಚು ದಾಟಿ ಚಾಚಿಕೊಳ್ಳುತ್ತಿದ್ದವು. ಅಗಲದ ಪರದೆಗಳು ಬಂದದ್ದೇ ತಡ, ಈ ಚಮತ್ಕಾರ ಬೇಡವಾಯಿತು. ಈಗ ಅದರ ಒಂದು ಪ್ರತಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಇಪ್ಪತ್ತು ವರ್ಷಗಳ ಬಳಿಕ ಇನ್ನೊಂದು ಚಿಟ್ಟೆ ಬಂದಿತು. ಇದಕ್ಕೆ ಅಷ್ಟು ಒಳ್ಳೆಯ ಹೆಸರು ಬರಲಿಲ್ಲ. 2015ರ ವಸಂತದಲ್ಲಿ ಆಪಲ್ ಹೊರತಂದ 12 ಅಂಗುಲದ ಮ್ಯಾಕ್‌ಬುಕ್ ಅತಿ ದಪ್ಪ ಎನ್ನುವ ಕಡೆಯಲ್ಲೂ 13.1 ಮಿಲಿಮೀಟರ್ ಮಾತ್ರ ಇತ್ತು. ಅದಕ್ಕಾಗಿ ಕತ್ತರಿಯನ್ನು ಕೈಬಿಟ್ಟು, ನಡುವೆ ಮಡಚಿಕೊಳ್ಳುವ ಎರಡು ರೆಕ್ಕೆಗಳ ಹೊಸ ವಿಧಾನವನ್ನು ಕಂಪನಿ ತಂದಿತು. ರಬ್ಬರ್ ಗುಳ್ಳೆಯ ಬದಲು ತೆಳ್ಳನೆಯ ಉಕ್ಕಿನ ಗುಳ್ಳೆ. ಹಳೆಯದಕ್ಕಿಂತ ಶೇ 40ರಷ್ಟು ತೆಳುವೆಂದು ಕಂಪನಿ ಹೆಮ್ಮೆಯಿಂದ ಹೇಳಿಕೊಂಡಿತು. ಮಾಡೆಲ್ ಎಂ ಮಣೆಯಲ್ಲಿ 4 ಮಿಲಿಮೀಟರ್ ಇಳಿಯುತ್ತಿದ್ದ ಬೆರಳು ಇಲ್ಲಿ ಇಳಿಯುತ್ತಿದ್ದದ್ದು 1 ಮಿಲಿಮೀಟರಿಗೂ ಕಡಿಮೆ.

ತೆಳುವಾದರೆ ಸದ್ದೂ ಕಡಿಮೆಯಾಗಬೇಕಲ್ಲವೇ? ಆದದ್ದು ತದ್ವಿರುದ್ಧ. ಬೆರಳಿನ ವೇಗವನ್ನು ಮೆಲ್ಲಗೆ ತಡೆಯಲು ರಬ್ಬರ್ ಮೆತ್ತೆ ಇಲ್ಲ, ಇಳಿಯಲು ಆಳವಿಲ್ಲ. ಬೆರಳು ನೇರವಾಗಿ ಗಟ್ಟಿ ತಳಕ್ಕೇ ಬಡಿಯುತ್ತಿತ್ತು. 2016ರಲ್ಲಿ ಇದೇ ವಿಧಾನ ಮ್ಯಾಕ್‌ಬುಕ್ ಪ್ರೊ ಯಂತ್ರಗಳಿಗೂ ವಿಸ್ತರಿಸಿದಾಗ, ಸಭೆಯಲ್ಲಿ, ಗ್ರಂಥಾಲಯದಲ್ಲಿ ಅದರ ಚಟಪಟ ಸದ್ದಿನ ಬಗ್ಗೆ ದೂರುಗಳೆದ್ದವು. ಸದ್ದನ್ನಾದರೂ ಸಹಿಸಬಹುದಿತ್ತು. ಬಿಡುವೇ ಇಲ್ಲದಷ್ಟು ಬಿಗಿಯಾಗಿದ್ದ ಆ ಸಂದಿಯಲ್ಲಿ ಒಂದು ಧೂಳಿನ ಕಣ ಸಿಕ್ಕಿಕೊಂಡರೆ ಕೀಲಿ ಸ್ತಬ್ಧ. ಇಲ್ಲವೇ ಒಮ್ಮೆ ಒತ್ತಿದರೆ ಎರಡೆರಡು ಅಕ್ಷರ. ಲ್ಯಾಪ್‌ಟಾಪನ್ನು 75 ಡಿಗ್ರಿ ಕೋನದಲ್ಲಿ ಎತ್ತಿ ಹಿಡಿದು, ಒತ್ತಡದ ಗಾಳಿ ಊದಿ ಧೂಳು ಹಾರಿಸಿ ಎಂದು ಕಂಪನಿಯೇ ಸಲಹೆ ಕೊಟ್ಟಿತು. ದುಬಾರಿ ಯಂತ್ರ ಕೊಂಡವರಿಗೆ ಇದು ಮೊರದಲ್ಲಿ ಅಕ್ಕಿ ಕೇರಿದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ನಿಜವಾದ ಪೆಟ್ಟು ರಿಪೇರಿಯಲ್ಲಿತ್ತು. ತೆಳುವಿಗಾಗಿ ಕೀಲಿಮಣೆಯನ್ನು ಯಂತ್ರದ ಮೇಲ್ಕವಚಕ್ಕೇ ಭದ್ರವಾಗಿ ಕೂರಿಸಲಾಗಿತ್ತು, ಬ್ಯಾಟರಿಯನ್ನೂ ಅದಕ್ಕೇ ಅಂಟಿಸಲಾಗಿತ್ತು. ಒಂದು ಕೀಲಿ ಪೂರ್ತಿ ಕೆಟ್ಟರೆ ಕೀಲಿಮಣೆ, ಕವಚ, ಬ್ಯಾಟರಿ ಮೂರೂ ಬದಲಾಗಬೇಕು. 2017ರ ಅಕ್ಟೋಬರ್‌ನಲ್ಲಿ ಪತ್ರಕರ್ತೆ ಕೇಸಿ ಜಾನ್‌ಸ್ಟನ್ ತಮ್ಮ ಬವಣೆಯನ್ನು ಬರೆದ ಮೇಲೆ ಚದುರಿದ್ದ ದೂರುಗಳು ಒಂದೆಡೆ ಸೇರಿದವು. 2018ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಯಿತು. ಜೂನ್‌ನಲ್ಲಿ ಕಂಪನಿ, ಕೊಂಡ ದಿನದಿಂದ ನಾಲ್ಕು ವರ್ಷ ಉಚಿತ ದುರಸ್ತಿಯ ಯೋಜನೆ ಪ್ರಕಟಿಸಿತು. ಜುಲೈನಲ್ಲಿ ಬಂದ ಹೊಸ ಮಾದರಿಯ ಕೀಲಿಗಳ ಕೆಳಗೆ ತೆಳ್ಳನೆಯ ಸಿಲಿಕೋನ್ ಪೊರೆ ಕಾಣಿಸಿಕೊಂಡಿತು. ಸದ್ದು ತಗ್ಗಿಸಲು ಮಾಡಿದ ಬದಲಾವಣೆ ಎಂದು ಹೊರಗೆ ಹೇಳಿದರೂ, ಧೂಳು ತಡೆಯುವುದೇ ಅದರ ಉದ್ದೇಶವೆಂದು ದುರಸ್ತಿಗಾರರಿಗೆ ಕೊಟ್ಟ ಸೂಚನಾಪತ್ರ ಹೇಳುತ್ತಿತ್ತು! ಜೊವಾನಾ ಸ್ಟರ್ನ್ ಅವರಿಗೆ ಕೈಕೊಟ್ಟಿದ್ದು ಈ ಪೊರೆಯಿದ್ದ ಮಾದರಿಯೇ.

2019ರ ನವೆಂಬರ್‌ನಲ್ಲಿ 16 ಅಂಗುಲದ ಮ್ಯಾಕ್‌ಬುಕ್ ಪ್ರೊ ಹಳೆಯ ಕತ್ತರಿಯೊಂದಿಗೆ ಹೊರಬಂದಿತು. ಕೀಲಿಯ ಇಳಿತ 1 ಮಿಲಿಮೀಟರ್. 2020ರ ಮೇ ತಿಂಗಳಲ್ಲಿ 13 ಅಂಗುಲದ ಮಾದರಿಯೂ ಬದಲಾಗುವುದರೊಂದಿಗೆ ಚಿಟ್ಟೆ ಕೀಲಿಮಣೆ ತೆರೆಮರೆಗೆ ಸರಿಯಿತು. ಹಿಂದಿರುಗಿ ನೋಡಿದ್ದು ಆಪಲ್ ಒಂದೇ ಅಲ್ಲ. 2005ರಲ್ಲಿ ಥಿಂಕ್‌ಪ್ಯಾಡ್ ಅನ್ನು ಕೊಂಡ ಲೆನೊವೊ ಕಂಪನಿ 2012ರಲ್ಲಿ ಏಳು ಸಾಲಿನ ಹಳೆಯ ಕೀಲಿಮಣೆಯನ್ನು ಬಿಟ್ಟಾಗ ಹಳೆಯ ಗಿರಾಕಿಗಳು ಮುನಿದಿದ್ದರು. 2017ರಲ್ಲಿ ಸರಣಿಯ 25ನೇ ವರ್ಷಕ್ಕೆಂದು ಹೊರತಂದ ವಿಶೇಷ ಮಾದರಿಯಲ್ಲಿ ಕಂಪನಿ ಅದನ್ನೇ ಮರಳಿ ಕೂರಿಸಿತು. ಮಾಡೆಲ್ ಎಂ ಹುಟ್ಟಿದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಊರಿನಲ್ಲಿ ಯೂನಿಕಾಂಪ್ ಎಂಬ ಸಣ್ಣ ಸಂಸ್ಥೆ 1996ರಲ್ಲಿ ಆ ಬಾಗುವ ಸ್ಪ್ರಿಂಗ್‌ಗಳ ಕಸುಬನ್ನು ವಹಿಸಿಕೊಂಡು ಮುಂದುವರಿಸಿತು.

ಮೊಕದ್ದಮೆ 2022ರ ಜುಲೈನಲ್ಲಿ 5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ತಪ್ಪನ್ನು ಕಂಪನಿ ಒಪ್ಪಿಕೊಳ್ಳಲಿಲ್ಲ. ಮೇಲ್ಕವಚವನ್ನು ಎರಡು ಅಥವಾ ಹೆಚ್ಚು ಬಾರಿ ಬದಲಿಸಿಕೊಂಡವರಿಗೆ ಗರಿಷ್ಠ 395 ಡಾಲರ್, ಬರೀ ಕೀಲಿಯ ಬಿಲ್ಲೆ ಬದಲಿಸಿಕೊಂಡವರಿಗೆ 50 ಡಾಲರ್ ವರೆಗೆ ಪರಿಹಾರ. ಅದೂ ಕ್ಯಾಲಿಫೋರ್ನಿಯ, ನ್ಯೂಯಾರ್ಕ್ ಸೇರಿದಂತೆ ಅಮೆರಿಕದ ಏಳು ರಾಜ್ಯಗಳಲ್ಲಿ ಕೊಂಡವರಿಗೆ ಮಾತ್ರ. ಅದೇ ಯಂತ್ರವನ್ನು ಬೆಂಗಳೂರಿನಲ್ಲಿ ಕೊಂಡವರ ಪಾಲಿಗೆ ಬಂದದ್ದು ನಾಲ್ಕು ವರ್ಷದ ಉಚಿತ ದುರಸ್ತಿಯಷ್ಟೇ. 2020ರಲ್ಲಿ ಕೊಂಡವರಿಗೂ ಆ ಅವಧಿ 2024ರಲ್ಲಿ ತೀರಿತು.