ಕಬ್ಬಿನ ಕಾಂಡ, ಪತ್ರಿಕೆಯ ಕಾಂಡ

ರಾಮಾಯಣಕ್ಕೆ 7 ಕಾಂಡ, ಮಹಾಭಾರತಕ್ಕೆ 18 ಪರ್ವ. ಒಂದೊಂದಕ್ಕೆ ಒಂದೊಂದು ಹೆಸರು ಯಾಕೆಂದು ತಿಳಿಯಬೇಕಾದರೆ ಕಬ್ಬಿನ ಜಲ್ಲೆಯೊಂದನ್ನು ಹಿಡಿದು ನೋಡಬೇಕು. ಸಂಸ್ಕೃತದಲ್ಲಿ ಪರ್ವವೆಂದರೆ ಗಿಣ್ಣು. ಹಲ್ಲಿಗೆ ಬಗ್ಗದ ಆ ಗಿಣ್ಣಿಗೂ ಮುಂದಿನ ಗಿಣ್ಣಿಗೂ ನಡುವೆ ರಸ ತುಂಬಿಕೊಂಡಿರುವ ತುಂಡೇ ಕಾಂಡ. ವ್ಯಾಸರ ಕಥೆಯನ್ನು ಗಿಣ್ಣಿನ ಲೆಕ್ಕದಲ್ಲಿ ಎಣಿಸಿದರು, ವಾಲ್ಮೀಕಿಯದನ್ನು ತುಂಡಿನ ಲೆಕ್ಕದಲ್ಲಿ. ಹುಣ್ಣಿಮೆ, ಅಮಾವಾಸ್ಯೆಗಳು ತಿಂಗಳಿನ ಗಿಣ್ಣುಗಳು. ಆ ಪರ್ವವೇ ಸವೆದು ನಮ್ಮ ಹಬ್ಬವಾಯಿತು.

ಶಾಲೆಯ ಪುಸ್ತಕಗಳು ಇಡೀ ದಂಟಿಗೇ ಕಾಂಡವೆನ್ನುತ್ತವೆ. ಅಮರಕೋಶ ಇಷ್ಟಕ್ಕೆ ನಿಲ್ಲುವುದಿಲ್ಲ. ತಾನೇ ಮೂರು ಕಾಂಡಗಳ ಆ ಗ್ರಂಥ ಈ ಪದಕ್ಕೆ ಕೋಲು, ಬಾಣ, ವರ್ಗ, ಸಂದರ್ಭ, ನೀರು, ಸಾಲದ್ದಕ್ಕೆ ಕೆಟ್ಟ ಕುದುರೆ ಎಂದೂ ಅರ್ಥ ಕೊಡುತ್ತದೆ. ಕುದುರೆಯ ಮಾತು ಬಿಡಿ. ಜೊಂಡನ್ನೇ ಕತ್ತರಿಸಿ ಬಾಣ ಮಾಡುತ್ತಿದ್ದವರು ಎರಡಕ್ಕೂ ಒಂದೇ ಹೆಸರಿಟ್ಟದ್ದು ಸಹಜ. ಬುಡದಿಂದ ಕೊಂಬೆಯವರೆಗಿನ ಬೊಡ್ಡೆ ಪ್ರಕಾಂಡ. ಪ್ರಕಾಂಡ ಪಂಡಿತರು ಬಂದದ್ದು ಅಲ್ಲಿಂದಲೇ.

ಇನ್ನು ಮೂಲದ ಮಾತು. ಭಾರತೀಯ ಆರ್ಯಭಾಷೆಗಳ ತೌಲನಿಕ ನಿಘಂಟು ರಚಿಸಿದ ಆರ್.ಎಲ್. ಟರ್ನರ್, ಕಾಂಡ ಬಹುಶಃ ದ್ರಾವಿಡದಿಂದ ಹೋದ ಪದವೆಂದು ತಮಿಳಿನ ‘ಕಣ್’ ಅನ್ನು ತೋರಿಸುತ್ತಾರೆ. ಬಿದಿರು, ಕಬ್ಬುಗಳ ಗಿಣ್ಣು ಎಂದು ಅದರ ಅರ್ಥ. ನಮ್ಮ ಗೆಣ್ಣು, ಗಿಣ್ಣುಗಳು ಅದೇ ಬಳಗದವು. ಸಂಸ್ಕೃತದಿಂದ ತಂದೆವೆಂದು ನಾವು ಬರೆದುಕೊಂಡ ಲೆಕ್ಕ ತಿರುವುಮುರುವಾಗಿದ್ದರೂ ಅಚ್ಚರಿಯಿಲ್ಲ.

ಮರಾಠಿಯಲ್ಲಿ ಈ ಪದ ಇನ್ನೂ ಹೊಲ ಬಿಟ್ಟಿಲ್ಲ. ಅಲ್ಲಿ ಕಬ್ಬಿನ ತುಂಡು ‘ಕಾಂಡೆ’. ನೇಕಾರರ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಕಡ್ಡಿ ‘ಕಾಂಡಿ’; ಇಳಕಲ್ಲಿನ ಮಗ್ಗದವರು ಅದನ್ನು ಕಂಡಿಕೆ ಎನ್ನುತ್ತಾರೆ.

ಪತ್ರಿಕೆಗಳಲ್ಲಿ ಮಾತ್ರ ಕಾಂಡಕ್ಕೆ ರಕ್ತ ಹತ್ತಿತು. ಗ್ರಂಥದ ಭಾಗವೆಂಬ ಅರ್ಥ ಪ್ರಕರಣವಾಗಿ, ಪ್ರಕರಣ ಅಗ್ನಿಕಾಂಡ, ಹತ್ಯಾಕಾಂಡಗಳಾಗಿ ಬೆಳೆಯಿತು. 1994ರ ನವೆಂಬರ್ 23ರಂದು ನಾಗಪುರದಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಡೆದಿತ್ತು. ದನ ಕಾಯುವ ಕಸುಬಿನ ಗೋವಾರಿ ಸಮುದಾಯದವರು ಪರಿಶಿಷ್ಟ ಪಂಗಡದ ಮಾನ್ಯತೆ ಕೇಳಿ ಮೆರವಣಿಗೆ ಬಂದರು. ಪೊಲೀಸರು ಲಾಠಿ ಬೀಸಿದರು, ನೂಕುನುಗ್ಗಲಾಯಿತು, 114 ಮಂದಿ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ಕಾಲ್ತುಳಿತ. ಮರಾಠಿಯಲ್ಲಿ ಗೋವಾರಿ ಹತ್ಯಾಕಾಂಡ. ಸೀತಾಬರ್ಡಿಯ ಮೇಲ್ಸೇತುವೆಗೆ ಈಗ ಆ ಹುತಾತ್ಮರ ಹೆಸರಿದೆ.

ಹತ್ಯಾಕಾಂಡವೆಂಬ ಹೆಸರೇ ಸರಿ ಎನ್ನುವವನು ನಾನು. ಆದರೂ ಕಾಂಡವೆಂದರೆ ಗಿಣ್ಣು ಬಂದಲ್ಲಿ ಮುಗಿಯಬೇಕಾದ್ದು. ಇದು ಮುಗಿಯಲಿಲ್ಲ. 2018ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಗೋವಾರಿಗಳ ಪರವಾಗಿ ತೀರ್ಪು ಕೊಟ್ಟಿತು; 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.