ಪ್ರದರ್ಶನದ ಪುಟ್ಟ ರೈಲು, ಮಲೆನಾಡಿನ ಕಿರುಹಳಿ

1889ರ ಪ್ಯಾರಿಸ್ ವಿಶ್ವ ಪ್ರದರ್ಶನವೆಂದರೆ ಐಫೆಲ್ ಗೋಪುರ ನೆನಪಾಗುತ್ತದೆ. ಆ ಗೋಪುರದ ಸಮೀಪದಲ್ಲೇ ಒಂದು ಪುಟ್ಟ ರೈಲೂ ಓಡುತ್ತಿತ್ತು. ಹಳಿಗಳ ನಡುವಿನ ಅಂತರ ಕೇವಲ 60 ಸೆಂಟಿಮೀಟರ್, ಹಾದಿಯ ಉದ್ದ ಸುಮಾರು 3 ಕಿಲೋಮೀಟರ್. ಆರು ತಿಂಗಳಲ್ಲಿ ಅದು 60 ಲಕ್ಷಕ್ಕೂ ಹೆಚ್ಚು ಜನರನ್ನು ಒಯ್ದಿತು. ಪ್ರದರ್ಶನ ಮುಗಿದ ಮೇಲೆ ಹಳಿಗಳನ್ನು ಕಿತ್ತರು.

ಇದನ್ನು ಹಾಕಿದ್ದು ಪೌಲ್ ಡೆಕೊವಿಲ್‌ನ ಕಾರ್ಖಾನೆ. 1870ರ ದಶಕದಲ್ಲಿ ತನ್ನ ಜಮೀನಿನ ಬೀಟ್ ಗೆಡ್ಡೆಯನ್ನು ಕೆಸರು ನೆಲದಿಂದ ಸಾಗಿಸಲು ಆತ ಎತ್ತಿಡಬಹುದಾದ ಹಳಿಗಳನ್ನು ರೂಪಿಸಿದ್ದ. ಹಳಿ ಮತ್ತು ಅಡ್ಡಪಟ್ಟಿಗಳನ್ನು ಏಣಿಯಂತೆ ಮೊದಲೇ ಜೋಡಿಸಿರುತ್ತಿದ್ದರು. ನೆಲದ ಮೇಲಿಟ್ಟು ಒಂದಕ್ಕೊಂದು ಕೂಡಿಸಿದರೆ ಹಾದಿ ಸಿದ್ಧ. ಇಂಥ ಹಳಿ ಜನಸಂಚಾರಕ್ಕೂ ಒದಗುತ್ತದೆಂದು ಪ್ಯಾರಿಸ್ ತೋರಿಸಿಕೊಟ್ಟಿತು.

ಕಿರಿದಾದ ಹಳಿಯಿಂದ ಏನು ಲಾಭ? ರೈಲಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿರುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಸಾಗಬೇಕು. 90 ಡಿಗ್ರಿ ತಿರುವಿನಲ್ಲಿ ಈ ವ್ಯತ್ಯಾಸ ಹಳಿಗಳ ಅಂತರದ 1.57ರಷ್ಟು: ಬ್ರಾಡ್‌ಗೇಜಿನಲ್ಲಿ 2.63 ಮೀಟರ್, 60 ಸೆಂಟಿಮೀಟರ್ ಹಳಿಯಲ್ಲಿ 0.94 ಮೀಟರ್. ಗಾಲಿಯ ಓರೆ ಅಂಚು ಇದನ್ನು ಸ್ವಲ್ಪ ಸರಿದೂಗಿಸುತ್ತದೆ. ಉಳಿದದ್ದು ಜಾರುವಿಕೆ, ಸವೆತ. ಆದ್ದರಿಂದ ಕಿರುಹಳಿ ಬಿಗಿಯಾದ ತಿರುವುಗಳನ್ನು ಸಹಿಸುತ್ತದೆ. ಪ್ಯಾರಿಸಿನಲ್ಲಿ ಓಡಿದ ಮ್ಯಾಲೆ ಮಾದರಿಯ ಎಂಜಿನ್ನುಗಳಲ್ಲಿ ಮುಂದಿನ ಗಾಲಿಗಳ ಚೌಕಟ್ಟೇ ತಿರುವಿಗೆ ತಕ್ಕಂತೆ ಹೊರಳುತ್ತಿತ್ತು.

ನಮ್ಮ ಮಲೆನಾಡಿಗೂ ಬೇಕಾದದ್ದು ಇದೇ ಗುಣ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ಬಂತು. ಮುಂದಿನ ಶತಮಾನದ ಎರಡನೆಯ ದಶಕದಲ್ಲಿ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ 2 ಅಡಿ ಅಂತರದ ಹಳಿ ಹಾಕಲಾಯಿತು. ಅದು ಹೆಚ್ಚುಕಡಿಮೆ ಪ್ಯಾರಿಸಿನ ಅಳತೆಯೇ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ, ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಬೆಟ್ಟ ಇಳಿದು ಟ್ರಾಮ್ ಹಾದಿ ಹಿಡಿಯುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಕಾಡಿನ ಸೌದೆಯೂ ಬರುತ್ತಿತ್ತು.

ಈ ಅನುಕೂಲಕ್ಕೆ ಬೆಲೆಯೂ ಇತ್ತು. ಎರಡು ಅಳತೆಯ ಹಳಿಗಳು ಸೇರುವಲ್ಲಿ ಸರಕನ್ನು ಇಳಿಸಿ ಮತ್ತೆ ತುಂಬಬೇಕು. ಕಾಡಿನೊಳಕ್ಕೆ ಅಗ್ಗದ ಹಾದಿ ಸಿಕ್ಕಷ್ಟೂ ಮರ ಕಡಿಯುವುದು ಸುಲಭ. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಇವುಗಳಲ್ಲಿ ಶಾಖಕ್ಕಾಗಿ ಇದ್ದಿಲು ಉರಿಸಬೇಕಿಲ್ಲ. ಅದಿರಿನ ಆಕ್ಸಿಜನ್ನನ್ನು ತೆಗೆಯಲು ಮಾತ್ರ ಇಂಗಾಲ ಬೇಕು. ಹೀಗೆ ಒಂದು ಟನ್ ಕಬ್ಬಿಣಕ್ಕೆ ಬೇಕಾಗುವ ಸೌದೆ ಕಡಿಮೆಯಾಯಿತು. ಒಂದು ಸಾರಿಗೆಯ ಲೆಕ್ಕ ಹಾಕುವಾಗ ಹಳಿಯ ವೆಚ್ಚದ ಜೊತೆಗೆ, ಅದರ ಮೇಲೆ ಏನು ಸಾಗುತ್ತದೆ ಎಂಬುದನ್ನೂ ಸೇರಿಸಬೇಕು.