ಗಾಡಿಯೊಳಗೊಂದು ಗಾಡಿ

ಅಮೆರಿಕದಲ್ಲಿರುವ ನಮ್ಮಣ್ಣನ ಮಗ ಹೋದ ಬೇಸಿಗೆಯಲ್ಲಿ ಫೋನಿನಲ್ಲಿ ಒಂದು ಚಿತ್ರ ಕಳಿಸಿದ. ಗಾಲಿಗಳ ಮೇಲೆ ನಿಂತ ಮನೆ. ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇದೆ. ಹಿಂದಿನ ಗೋಡೆ ಕೆಳಗೆ ಬಿದ್ದು ಇಳಿಜಾರು ಹಲಗೆಯಾಗುತ್ತದೆ. ಅದರ ಮೇಲೆ ಎರಡು ಮೋಟಾರ್ ಸೈಕಲ್ ಏರಿಸಿ, ನೆಲದ ಕಬ್ಬಿಣದ ಕೊಂಡಿಗಳಿಗೆ ಪಟ್ಟಿ ಬಿಗಿದು ನಿಲ್ಲಿಸಿದ್ದಾರೆ. ಇದಕ್ಕೆ ಅಲ್ಲಿ ‘ಟಾಯ್ ಹಾಲರ್’ ಎನ್ನುತ್ತಾರಂತೆ, ಅಂದರೆ ಆಟಿಕೆ ಹೊರುವ ಬಂಡಿ. ದೊಡ್ಡವರ ಆಟಿಕೆ!

“ಅತ್ತೀ, ಹ್ಯಾಂಗದ?” ಅಂದ.

“ನಮ್ಮ ಅತನೂರಾಗ ಇದನ್ನ ಆಗಲೇ ಮಾಡಿದ್ವಿ ತಮ್ಮಾ” ಅಂದೆ. ಅವನು ನಕ್ಕ. ನಾನು ಹೇಳಿದ್ದು ಸುಳ್ಳಲ್ಲ.

1979ರಲ್ಲಿ ಅಪ್ಪ ಸೊಲ್ಲಾಪುರದಲ್ಲಿ ಒಂದು ಯೆಜ್ದಿ ಕೊಂಡಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಿಂದ ಜಾವಾ ಹೆಸರಿನಲ್ಲಿ, 1973ರ ನಂತರ ಯೆಜ್ದಿ ಎಂಬ ಹೆಸರಿನಲ್ಲಿ ಅಲ್ಲಿಂದ ಹೊರಬಂದ ಈ ಗಾಡಿಗಳ ಸದ್ದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಎರಡು ಸೈಲೆನ್ಸರು, ಕಿಕ್ಕೂ ಗೇರೂ ಒಂದೇ ಕೋಲಿನಲ್ಲಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಮೊದಲ ಮಳೆಗಾಲದಲ್ಲೇ ಹೊಲದ ದಾರಿಯ ಎರೆಮಣ್ಣಿನಲ್ಲಿ ಗಾಡಿ ಹೂತುಹೋಯಿತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಚಕ್ರ ತಿರುಗಲೇ ಇಲ್ಲ. ಕೊನೆಗೆ ಎತ್ತಿನ ಗಾಡಿ ತಂದು, ಎರಡು ಹಲಗೆ ಹಾಸಿ, ನಾಲ್ಕು ಜನ ನೂಕಿ ಏರಿಸಿದರು. ಗಾಡಿ ಹೊಡೆಯುವ ಮುದುಕ ಸುಮ್ಮನೆ ಕಟ್ಟಲು ಬಿಡಲಿಲ್ಲ. ಮುಂದಕ್ಕೆ ಸರಿಸಿ ಅಂದ, ಮತ್ತೆ ಸ್ವಲ್ಪ ಹಿಂದಕ್ಕೆ ಅಂದ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಅಮೆರಿಕದ ಹುಡುಗನೂ ಇದನ್ನೇ ಹೇಳಿದ. ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದರೆ ಎಳೆಯುವ ಕಾರಿನ ಹಿಂದೆ ಆ ಮನೆ ಹಾವಿನಂತೆ ಹೊಯ್ದಾಡುತ್ತದಂತೆ. ನಮ್ಮ ಮುದುಕನಿಗೆ ಅದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ.

ಗಾಡಿಯೊಳಗೆ ಗಾಡಿ ಹೊರುವುದು ಹಳೆಯ ಸಂಗತಿ. ಇಂಗ್ಲೆಂಡಿನಲ್ಲಿ 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಶುರುವಾದ ಕಾಲಕ್ಕೆ ಶ್ರೀಮಂತರು ತಮ್ಮ ಸಾರೋಟನ್ನೇ ಚಪ್ಪಟೆ ಬಂಡಿಯ ಮೇಲೆ ಕಟ್ಟಿಸಿ ಅದರೊಳಗೇ ಕೂತು ಹೋಗುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ವೆಲ್‌ಬೈಕ್ ಎಂಬ ಮಡಚುವ ಮೋಟಾರ್ ಸೈಕಲ್ ಮಾಡಿದರು. ತೂಕ ಸುಮಾರು 32 ಕಿಲೋ, ಎಂಜಿನ್ 98 ಸಿ.ಸಿ. ಹ್ಯಾಂಡಲ್ ಮಡಚಿ, ಸೀಟು ಕೆಳಗಿಳಿಸಿ, ಉದ್ದನೆಯ ಡಬ್ಬಿಯಲ್ಲಿ ತುಂಬಿ ಪ್ಯಾರಾಚೂಟ್ ಕಟ್ಟಿ ವಿಮಾನದಿಂದ ಇಳಿಬಿಡುತ್ತಿದ್ದರು. ನಮ್ಮಲ್ಲಿ ಕೊಂಕಣ ರೈಲ್ವೆ 1999ರಲ್ಲಿ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಏರಿಸತೊಡಗಿತು, ಮೊದಲು ಮಹಾರಾಷ್ಟ್ರದ ಕೋಲಾಡಿನಿಂದ ಗೋವಾದ ವೆರ್ಣಾಕ್ಕೆ, 2004ರಿಂದ ನಮ್ಮ ಸುರತ್ಕಲ್‌ವರೆಗೂ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಅದನ್ನು ನೋಡಿದೆ. ಚಾಲಕನೊಬ್ಬ ತನ್ನ ಲಾರಿಯ ಕ್ಯಾಬಿನ್ನಿನಲ್ಲೇ ಕೂತು ರೊಟ್ಟಿ ತಿನ್ನುತ್ತ ಸಾಗಿದ್ದ. ಓಡಿಸುವವನಿಗೆ ಓಡಿಸದೆ ಸಾಗುವ ಸುಖ!

ನನಗೆ ಅಂಥ ಪ್ರಯಾಣ 1991ರಲ್ಲಿ ಬಂತು. ಆದರೆ ಅದು ಸುಖದ್ದಾಗಿರಲಿಲ್ಲ.

ಆ ವರ್ಷ ಅಪ್ಪ ತೀರಿಕೊಂಡರು. ಅಣ್ಣ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ. ನಾನು ಬಿ.ಎಡ್. ಓದುತ್ತಿದ್ದೆ. ಯೆಜ್ದಿ ಓಡಿಸಲು ಅಪ್ಪನೇ ನನಗೆ ಕಲಿಸಿದ್ದರು, ಕಟಾವಾದ ಹೊಲದ ದಾರಿಯಲ್ಲಿ, ಬೆಳಗಿನ ಜಾವ, ಯಾರೂ ಇಲ್ಲದಾಗ. ಊರೊಳಗೆ ಬಂದರೆ ಹಿಂದೆ ಅಡ್ಡ ಕೂಡುತ್ತಿದ್ದೆ, ಸೆರಗು ಚಕ್ರಕ್ಕೆ ಸಿಗದಂತೆ ಮಡಿಲಿಗೆ ಎಳೆದುಕೊಂಡು. ಮೂರನೇ ದಿನವೇ ಹಿರಿಯರು ಕೂತು ಗಾಡಿ ಅಣ್ಣನಿಗೆ ಎಂದು ನಿಶ್ಚಯಿಸಿದರು. ಯಾರೂ ಜಗಳವಾಡಲಿಲ್ಲ. ನನ್ನನ್ನು ಯಾರೂ ಕೇಳಲೂ ಇಲ್ಲ.

ಮುಂದೆ ಗೊತ್ತಾಯಿತು: ಮರಣಪತ್ರ ಬರೆಯದೆ ತೀರಿದ ತಂದೆಯ ಸ್ವಂತ ಗಳಿಕೆಯಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿಯೇ ಇತ್ತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರಲ್ಲಿ ಬಂತು. ಅಂದು ಕಾಗದದ ಮೇಲೆ ‘ನಮ್ಮ ತಕರಾರಿಲ್ಲ’ ಎಂದು ಅವ್ವ ಹೆಬ್ಬೆಟ್ಟು ಒತ್ತಿದಳು, ನಾನು ಸಹಿ ಹಾಕಿದೆ. ಬಿ.ಎ. ಪಾಸಾದ ಹುಡುಗಿ, ಓದದೇ ಸಹಿ ಹಾಕಿದೆ!

ಗುಲಬರ್ಗಾದಿಂದ ರೈಲಿನಲ್ಲಿ ಕಳಿಸುವುದೆಂದಾಯಿತು. ಸ್ಟೇಷನ್ನಿಗೆ ನಾನೇ ಓಡಿಸಿಕೊಂಡು ಬರ್ತೀನಿ ಎಂದೆ. ಕಾಕಾ, “ಮಂದಿ ಏನಂದಾರು?” ಅಂದರು. ಗಾಳಿ, ಪೆಟ್ರೋಲು ಎಲ್ಲ ಇದ್ದ ಗಾಡಿಯನ್ನು ತೊಗರಿ ಚೀಲಗಳ ಟೆಂಪೋದಲ್ಲಿ ಏರಿಸಿದರು. ಅದು ಹೊರಳದಂತೆ ಹ್ಯಾಂಡಲ್ ಹಿಡಿದು ನಾನು ಚೀಲದ ಮೇಲೆ ಕೂತೆ. ದಾರಿಯುದ್ದಕ್ಕೂ ಕೈಯಲ್ಲಿ ಕ್ಲಚ್ಚಿತ್ತು.

ಪಾರ್ಸಲ್ ಆಫೀಸಿನಲ್ಲಿ ಮೊದಲು ಟಾಕಿ ಪೂರ್ತಿ ಖಾಲಿ ಮಾಡಿಸಿದರು. ಪೆಟ್ರೋಲಿನ ಆವಿ ಮುಚ್ಚಿದ ಡಬ್ಬಿಯಲ್ಲಿ ಬೆಂಕಿಗೆ ಕಾಯುತ್ತ ಕೂತಿರುತ್ತದೆ. ಅಮೆರಿಕದ ಮನೆಗಳಲ್ಲೂ ಅದೇ ಭಯಕ್ಕೆ ಗಾಡಿಯ ಕೋಣೆಗೆ ಗಾಳಿಕಿಂಡಿ ಇಟ್ಟಿರುತ್ತಾರಂತೆ. ಆಮೇಲೆ ಹಮಾಲರು ದೀಪಕ್ಕೆ, ಟಾಕಿಗೆ, ಹ್ಯಾಂಡಲಿಗೆ ಹುಲ್ಲು ಇಟ್ಟು ಗೋಣಿತಟ್ಟು ಸುತ್ತಿ ಸುತ್ಲಿಯಿಂದ ಹೊಲಿದರು. 1871ರಲ್ಲಿ ಮುಂಬಯಿಯ ಹಳಿ ನಮ್ಮೂರ ಕಡೆಯಿಂದ ಹಾದು ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿದಾಗಿನಿಂದ ಈ ಪ್ಲಾಟ್‌ಫಾರ್ಮು ಎಷ್ಟು ಗೋಣಿಗಂಟು ನೋಡಿದೆಯೋ. ಗೋಣಿಯೊಳಗಿನ ಯೆಜ್ದಿ ನನ್ನ ಕಣ್ಣಿಗೆ ಗಾಡಿಯಂತೆ ಕಾಣಲಿಲ್ಲ, ಅಷ್ಟೆ. ರಟ್ಟಿನ ಚೀಟಿಯಲ್ಲಿ ‘ಕಳಿಸಿದವರು’ ಎಂದಿದ್ದಲ್ಲಿ ನನ್ನ ಹೆಸರು ಬರೆದೆ. ಬಾಟಲಿಗಳಲ್ಲಿ ಉಳಿದ ಪೆಟ್ರೋಲನ್ನು ಟೆಂಪೋದವನು ಒಯ್ದ.

ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ್ದರೆ ಕೊಡುತ್ತಿದ್ದನೇನೋ. ಕೇಳುವುದು ನನಗೆ ಹೊಳೆಯಲೇ ಇಲ್ಲ.

ಇದನ್ನೆಲ್ಲ ಅವನ ಮಗನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ನಾನೇ ಕೇಳಿದೆ:

“ಎರಡು ಗಾಡಿ ಅವ ಅಲ್ಲ, ಎರಡನೇದು ಯಾರದು?”

“ನಿನ್ನ ಸೊಸೀದು, ಅತ್ತಿ. ನನಗಿಂತ ಛಲೋ ಓಡಸ್ತಾಳ.”

“ಕಾಗದ ಯಾರ ಹೆಸರಿನಾಗ ಅವ?”

“ಆಕೀ ಹೆಸರಿನಾಗ.”

ಹಾಗಾದರೆ ಪಟ್ಟಿ ಬಿಗಿಯಾಗಿ ಎಳೆದಿದ್ದಾರೋ ಇಲ್ಲವೋ ಹೊರಡುವ ಮುಂಚೆ ಆಕೆಯೇ ಒಮ್ಮೆ ನೋಡಲಿ ಎಂದೆ.